ಹಳೆಯ ಜೀಪು ಕೊಳ್ಳುವ ಮುನ್ನ

ಉಳುವ ಕೋಣ ಕೊಳ್ಳಲು ಹೋದ ರೈತನು ಅದರ ಮೈಬಣ್ಣ ನೋಡಿ ಹಣ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನೊಗ ಇಟ್ಟು ನಾಲ್ಕು ಸಾಲು ಹೂಡಿ ನೋಡುತ್ತಾನೆ. ಅದೇ ರೈತನು ಹಳೆಯ ಜೀಪು ಕೊಳ್ಳುವಾಗ ಹೊಸ ಬಣ್ಣ, ಅಗಲ ಟಯರು, ಒಂದೇ ಸಲಕ್ಕೆ ಚಾಲೂ ಆಗುವ ಇಂಜಿನು, ಇಷ್ಟನ್ನೇ ನೋಡಿ ಮುಂಗಡ ಕೊಟ್ಟು ಬರುವುದುಂಟು. ಜೀಪಿಗೂ ಹಲ್ಲು ಮತ್ತು ಸುಳಿ ಇವೆ. ಅವು ಎಲ್ಲಿವೆ, ಅವನ್ನು ನೋಡುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಜೀಪು ಇಂದಿಗೂ ಒಂದು ಕೃಷಿ ಸಲಕರಣೆಯೇ ಆಗಿದೆ. ಮನೆ ಬೆಟ್ಟಿನಲ್ಲಿ, ಗದ್ದೆ ಬೈಲಿನಲ್ಲಿ, ಅಡಿಕೆ ತೋಟ ಎರಡು ಗುಡ್ಡೆಗಳ ನಡುವಿನ ಕಣಿವೆಯಲ್ಲಿ ಇರುವುದು ಇಲ್ಲಿ ಸಾಮಾನ್ಯ. ಜಡ್ಕಲ್, ಮುದೂರು, ಹೊಸಂಗಡಿ, ಅಮಾಸೆಬೈಲು, ಸಿದ್ದಾಪುರ ಕಡೆಯ ತೋಟಗಳಿಗೆ ಹಟ್ಟಿಗೊಬ್ಬರ ಇಳಿಸಲು, ಹಾಡಿಯಿಂದ ಸೊಪ್ಪು ತರಲು, ಕೊಯಿದ ಅಡಿಕೆ ಗೊನೆಯನ್ನು ಅಂಗಳಕ್ಕೆ ಏರಿಸಲು ನಾಲ್ಕು ಚಕ್ರಕ್ಕೂ ಎಳೆತವಿರುವ ವಾಹನ ಬೇಕಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಏರಿನಲ್ಲಿ ಸಾಧಾರಣ ಪಿಕಪ್ ಚಕ್ರ ತಿರುಗಿಸುತ್ತ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಜೀಪಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಗೋಜಿಲ್ಲ. ಹಳ್ಳಿಯ ಗ್ಯಾರೇಜಿನಲ್ಲೇ ದುರಸ್ತಿಯಾಗುತ್ತದೆ. ಆದ್ದರಿಂದ ಅದಕ್ಕೆ ಬೇಡಿಕೆ ಇದೆ. ಬೇಡಿಕೆ ಇರುವಲ್ಲಿ ಮೋಸವೂ ಇದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಜೀಪು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೇಸಾಯಶಾಸ್ತ್ರ ಓದಿದವನಿಗೆ ಯಂತ್ರದ ವಿಷಯವೂ ತಿಳಿದಿರುತ್ತದೆಂದು ಅವರು ನಂಬಿದ್ದರು. ನಾನೂ ಹಾಗೆಯೇ ಭಾವಿಸಿದ್ದೆ. ಇಂಜಿನಿನ ಸದ್ದು ಸಮವಾಗಿತ್ತು, ಹೊಗೆ ಇರಲಿಲ್ಲ. "ಇಂಜಿನ್ ಲಾಯ್ಕಿತ್ತಲ್ದಾ ಸರ್?" ಎಂದು ಅವರು ಕೇಳಿದಾಗ ನಾನು ಹೌದೆಂದೆ. ಆ ವರ್ಷದ ಅಡಿಕೆಯ ಹಣವೆಲ್ಲ ಅದಕ್ಕೆ ಹೋಯಿತು. ನೋಂದಣಿ ಪುಸ್ತಕಕ್ಕೆ ಅವರ ಹೆಸರೂ ಏರಿತು. ಮರುವರ್ಷ ನೋಂದಣಿ ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಒಯ್ದಾಗ, ಪುಸ್ತಕದಲ್ಲಿದ್ದ ಚಾಸಿಸ್ ಸಂಖ್ಯೆಗೂ ಕಬ್ಬಿಣದ ಮೇಲಿದ್ದ ಸಂಖ್ಯೆಗೂ ಹೊಂದಾಣಿಕೆಯಾಗಲಿಲ್ಲ. ಒಂದು ಜೀಪಿನ ಕಾಗದಕ್ಕೆ ಇನ್ನೊಂದು ಜೀಪಿನ ಮೈ ಸೇರಿಸಿದ್ದರು. ಮಾರಿದವನ ಫೋನು ಅಷ್ಟರಲ್ಲಿ ಬದಲಾಗಿತ್ತು. ಆ ಜೀಪು ಇಂದು ಅವರ ಕೊಟ್ಟಿಗೆಯ ಬದಿಯಲ್ಲಿ ಟಾರ್ಪಾಲಿನ ಕೆಳಗಿದೆ; ಇಂಜಿನು ಇಂದಿಗೂ ಚೆನ್ನಾಗಿಯೇ ಇದೆ! ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ನಾನು ನೋಡಬೇಕಾದುದನ್ನು ನೋಡಿರಲಿಲ್ಲ ಎಂಬುದು ನಿಜ.

ಈ ಅನುಭವದ ಪಾಠ ಇಷ್ಟೇ. ಜೀಪಿನಲ್ಲಿ ಬೋಲ್ಟಿನಿಂದ ಕೂರಿಸಿದ್ದೆಲ್ಲವನ್ನೂ ಬದಲಾಯಿಸಬಹುದು. ಬದಲಾಯಿಸಲಾಗದ್ದು ಎರಡೇ: ಚಾಸಿಸ್ ಮತ್ತು ಅದರ ಕಾಗದಪತ್ರ. ಆದುದರಿಂದ ಪರೀಕ್ಷೆಯು ಕಾಗದದಿಂದ ಆರಂಭವಾಗಿ, ಚಾಸಿಸ್‌ಗೆ ಬಂದು, ಕೊನೆಯಲ್ಲಿ ಇಂಜಿನಿಗೆ ತಲುಪಬೇಕು. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತಿದೆ.

ಮೊದಲು ಕೆಲಸದ ಲೆಕ್ಕ

ವರ್ಷದಲ್ಲಿ ಎಷ್ಟು ದಿನ ಫೋರ್ ವೀಲ್ ನಿಜವಾಗಿ ಬೇಕಾಗುತ್ತದೆ ಎಂಬುದನ್ನು ಬರೆದು ನೋಡಿ. ತೋಟದವರೆಗೆ ಕಾಂಕ್ರೀಟ್ ರಸ್ತೆ ಇದ್ದರೆ ಪವರ್ ಟಿಲ್ಲರ್‌ನ ಟ್ರೈಲರು ಅಥವಾ ಸಾಧಾರಣ ಪಿಕಪ್ಪೇ ಸಾಕು. ಬ್ರಹ್ಮಾವರ, ಬಾರ್ಕೂರು ಕಡೆಯ ಬೈಲು ಗದ್ದೆಗಳ ರೈತರಲ್ಲಿ ಹಲವರಿಗೆ ಜೀಪಿನ ಅಗತ್ಯ ಬೀಳಲಾರದು. ಕಡಿದಾದ ಮಣ್ಣಿನ ಏರು, ದಾಟಬೇಕಾದ ಹಳ್ಳ, ಮಳೆಗಾಲದಲ್ಲೂ ನಿಲ್ಲದ ಸಾಗಣೆ, ಇವು ಇದ್ದವರಿಗೆ ಜೀಪು ಯೋಗ್ಯ. ಹಳೆಯ ಡೀಸೆಲ್ ಜೀಪು ಸಾಮಾನ್ಯ ರಸ್ತೆಯಲ್ಲಿ ಲೀಟರಿಗೆ 10 ಕಿ.ಮೀ. ಆಸುಪಾಸು ಓಡುತ್ತದೆ, ಏರಿನಲ್ಲಿ ಲೋ ಗೇರಿನಲ್ಲಿ ಇದು ಬಹಳಷ್ಟು ಇಳಿಯುತ್ತದೆ. ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಿಗುವ ವಾಹನಗಳು

1) ವಿಲ್ಲೀಸ್ ಮಾದರಿಯ ಪೆಟ್ರೋಲ್ ಜೀಪು: ಎರಡನೆಯ ಮಹಾಯುದ್ಧದ ಜೀಪಿನ ವಂಶದ್ದು. ಮಹೀಂದ್ರ ಸಂಸ್ಥೆಯು ಭಾರತದಲ್ಲಿ ಇದರ ಜೋಡಣೆ ಆರಂಭಿಸಿತು. ನಮ್ಮಲ್ಲಿ ಉಳಿದಿರುವುದು ಹೆಚ್ಚಾಗಿ ಸಿಜೆ-3ಬಿ ಮಾದರಿ. ಇಂಜಿನು 2.2 ಲೀಟರಿನದು. ಹಗುರ, ಗಟ್ಟಿ; ಆದರೆ ಪೆಟ್ರೋಲ್ ಖರ್ಚು ಹೆಚ್ಚು.

2) ಮಹೀಂದ್ರ ಡೀಸೆಲ್ ಜೀಪುಗಳು: ಸಿಜೆ-500ಡಿ, ಎಂಎಂ-540, ಮೇಜರ್, ಕಮಾಂಡರ್ ಮುಂತಾದವು. ಸಿಜೆ-500ಡಿಯದು ಟ್ರ್ಯಾಕ್ಟರ್ ಮೂಲದ ಇಂಜಿನು. ಎಂಎಂ-540ರದು 2112 ಸಿ.ಸಿ.ಯ ಪ್ಯೂಜೋ ಇಂಜಿನು. ರೈತರ ಕೆಲಸಕ್ಕೆ ಈ ಗುಂಪೇ ಹೆಚ್ಚು ಸೂಕ್ತ. ಇವುಗಳಲ್ಲಿ ಹಲವು ಕಾರ್ಖಾನೆಯಿಂದಲೇ ಟೂ ವೀಲ್ ಆಗಿ ಬಂದಿವೆ ಎಂಬುದನ್ನು ಮರೆಯಬಾರದು.

3) ಮಾರುತಿ ಜಿಪ್ಸಿ: 1985ರಲ್ಲಿ ಬಂದ ಹಗುರ ಪೆಟ್ರೋಲ್ ವಾಹನ. ಮೊದಲು 970 ಸಿ.ಸಿ., 1996ರಿಂದ 1.3 ಲೀಟರ್. ಏರು ಹತ್ತುವುದರಲ್ಲಿ ಚುರುಕು; ಭಾರ ಹೊರುವುದಕ್ಕೆ ಅಷ್ಟಕ್ಕಷ್ಟೆ.

4) ಜೋಂಗಾ: ಜಬಲ್ಪುರದಲ್ಲಿ ಸೈನ್ಯಕ್ಕಾಗಿ ತಯಾರಾಗುತ್ತಿದ್ದ ನಿಸ್ಸಾನ್ ಮೂಲದ ವಾಹನ. ಸುಮಾರು 4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನು. ನೋಡಲು ಗಂಭೀರ, ಸಾಕಲು ಆನೆ. ಹವ್ಯಾಸಕ್ಕೆ ಹೊರತು ತೋಟಕ್ಕೆ ಇದನ್ನು ಶಿಫಾರಸು ಮಾಡಲಾಗದು.

ಕಾಗದಪತ್ರದ ಪರೀಕ್ಷೆ

ವಾಹನ ನೋಡುವ ಮೊದಲೇ ಅದರ ಸಂಖ್ಯೆ ಕೇಳಿ ಪಡೆದು, ಪರಿವಾಹನ್ ಜಾಲತಾಣದಲ್ಲಾಗಲಿ ಎಂ-ಪರಿವಾಹನ್ ಆ್ಯಪ್‌ನಲ್ಲಾಗಲಿ ವಿವರ ನೋಡಬೇಕು. ನೋಂದಣಿಯ ದಿನಾಂಕ, ಅವಧಿ, ವಿಮೆ, ಸಾಲದ ನಮೂದು ಅಲ್ಲಿ ಸಿಗುತ್ತವೆ. ಬಹಳ ಹಳೆಯ ಪುಸ್ತಕಗಳ ವಿವರ ಗಣಕಕ್ಕೆ ಏರದೇ ಇರಬಹುದು. ಹಾಗಿದ್ದಲ್ಲಿ ಅದನ್ನು ಸೇರಿಸಿಕೊಡುವ ಹೊಣೆ ಮಾರುವವರದೇ ಎಂದು ಹೇಳಿಬಿಡಿ. ಮುಂದೆ ಗಮನಿಸತಕ್ಕ ಅಂಶಗಳು:

1) ಚಾಸಿಸ್ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಯನ್ನು ಕಬ್ಬಿಣದ ಮೇಲೆ ನೀವೇ ಓದಬೇಕು. ಮಸಿ ಒರೆಸಿ, ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅಕ್ಷರಗಳು ಓರೆಕೋರೆಯಾಗಿದ್ದರೆ, ಸುತ್ತ ಉಜ್ಜಿದ ಗುರುತು ಇದ್ದರೆ, ಸಂಖ್ಯೆ ಇರುವ ತಗಡನ್ನು ಬೆಸುಗೆ ಹಾಕಿ ಕೂರಿಸಿದ್ದರೆ ಅಲ್ಲಿಂದ ಹಿಂದಿರುಗಿ ಬನ್ನಿ.

2) ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಫಾರಂ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಲಘು ವಾಹನಗಳ ನವೀಕರಣ ಶುಲ್ಕವು 2022ರ ಏಪ್ರಿಲ್‌ನಿಂದ 5,000 ರೂ. ಆಯಿತು; 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವುಗಳಿಗೆ 10,000 ರೂ.ಗೆ ಏರಿತು. ಅವಧಿ ಮುಗಿದ ವಾಹನವಾದರೆ ಮಾರುವವರೇ ನವೀಕರಿಸಿ ಕೊಡಬೇಕೆಂದು ಪಟ್ಟು ಹಿಡಿಯಿರಿ. ಕೇವಲ ಹೆಸರು ಬದಲಾವಣೆ ಆದ ಮಾತ್ರಕ್ಕೆ ವಾಹನ ಸಾಚಾ ಎಂದಲ್ಲ. ನವೀಕರಣದ ತಪಾಸಣೆಯಲ್ಲಿ ತೇರ್ಗಡೆಯಾದದ್ದೇ ಗಟ್ಟಿ ಸಾಕ್ಷಿ.

3) ಹಸ್ತಾಂತರಕ್ಕೆ ಫಾರಂ 29 ಮತ್ತು 30 ಬೇಕು. ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ಸಾಲದ ನಮೂದಿದ್ದರೆ ಫಾರಂ 35ರಿಂದ ಅದನ್ನು ತೆಗೆಸಿರಬೇಕು.

4) ನಮ್ಮ ಕಡೆ ಜೀಪು ಇಂದಿಗೂ ತೀರಿಹೋದ ಅಜ್ಜನ ಅಥವಾ ಮಾವನ ಹೆಸರಿನಲ್ಲೇ ಉಳಿದಿರುವುದುಂಟು. ಆಗ ವಾರಸುದಾರರು ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕೂಡುಕುಟುಂಬದಲ್ಲಿ ಒಬ್ಬರ ಮಾತು ನಂಬಿ ಹಣ ಕೊಡಬೇಡಿ. ಎಲ್ಲರ ಒಪ್ಪಿಗೆ ಪತ್ರ ಅಗತ್ಯ.

5) ಹೊರರಾಜ್ಯದ ವಾಹನಕ್ಕೆ ಅಲ್ಲಿನ ಸಾರಿಗೆ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿಗೆ ತಂದ ಮೇಲೆ ತೆರಿಗೆ ಕಟ್ಟಿ ಕೆಎ-20 ಸಂಖ್ಯೆ ಪಡೆಯಬೇಕು. ಆ ತೆರಿಗೆಯನ್ನು ಸೇರಿಸಿದಾಗ ಅಗ್ಗದ ಜೀಪು ಅಗ್ಗವಾಗಿ ಉಳಿಯದು. ಉತ್ತರ ಭಾರತದಲ್ಲಿ, ಮುಖ್ಯವಾಗಿ ಹರಿಯಾಣದ ದಬ್ವಾಲಿಯಂಥ ಊರುಗಳಲ್ಲಿ, ಹಳೆಯ ಬಿಡಿಭಾಗಗಳಿಂದ ಹೊಸದರಂತೆ ಜೀಪು ಕಟ್ಟಿಕೊಡುವ ಕಸುಬೇ ಇದೆ. ಫೋಟೋ ನೋಡಿ ಹಣ ಕಳುಹಿಸುವುದು ಸಲ್ಲದು.

6) ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನು ಕೂರಿಸಿದ್ದರೆ ಅದು ಪುಸ್ತಕದಲ್ಲಿ ನಮೂದಾಗಿದೆಯೇ ನೋಡಿ. ಸೈನ್ಯದ ಹಸಿರು ಬಣ್ಣವನ್ನು ಖಾಸಗಿ ವಾಹನಕ್ಕೆ ಬಳಿಯುವುದೂ ನಿಷಿದ್ಧ. ಹರಾಜಿನ ಜೀಪು ಕೊಂಡವರು ಬಣ್ಣ ಬದಲಿಸಿ, ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು.

7) 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ಬಂದಿದೆ. ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಕೆಲಸಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಗೊಬ್ಬರ ಹೊರುವವರು ಆ ದಾರಿ ಹಿಡಿಯಬಾರದು.

ಚಾಸಿಸ್: ಕರಾವಳಿಯ ಮುಖ್ಯ ಪರೀಕ್ಷೆ

ಘಟ್ಟದ ಮೇಲಿನ ಜೀಪಿಗೂ ಕಡಲ ಬದಿಯ ಜೀಪಿಗೂ ಇರುವ ವ್ಯತ್ಯಾಸವೇ ತುಕ್ಕು. ಗಂಗೊಳ್ಳಿ, ಮರವಂತೆ, ಮಲ್ಪೆಯ ಉಪ್ಪುಗಾಳಿಯಲ್ಲಿ ನಿಂತ ಜೀಪು, ಮೀನು ಮತ್ತು ಮಂಜುಗಡ್ಡೆ ಸಾಗಿಸಿದ ಜೀಪು, ಉಪ್ಪುನೀರಿನ ಹೊಳೆಯಿಂದ ಮರಳು ಹೊತ್ತ ಜೀಪು, ಇವುಗಳ ಚಾಸಿಸ್ ಒಳಗಿನಿಂದ ತಿಂದುಹೋಗಿರುತ್ತದೆ. ಹೊರಗೆ ಬಳಿದ ಹೊಸ ಕಪ್ಪು ಬಣ್ಣ ಅದನ್ನು ಮುಚ್ಚಿಡುತ್ತದೆ. ಕೆಳಭಾಗಕ್ಕೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ಸಂಶಯಪಡಬೇಕು.

ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಟಾರ್ಚು ಮತ್ತು ಅಳತೆ ಪಟ್ಟಿ ಒಯ್ಯಿರಿ. ಚಾಸಿಸ್ಸಿನ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಬೊದ್ದು ಸದ್ದು ಕೊಡುತ್ತದೆ, ಸ್ಕ್ರೂಡ್ರೈವರ್ ಒತ್ತಿದರೆ ಚಕ್ಕೆ ಏಳುತ್ತದೆ. ಪ್ಲೇಟುಗಳ ಶ್ಯಾಕಲ್ ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸು ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ಈ ಮೂರರಲ್ಲಿ ಬಿರುಕು ಅಥವಾ ತೇಪೆ ಇದ್ದರೆ ಕೊಳ್ಳಬಾರದು. ಗಿಡ್ಡ ಚಾಸಿಸ್ಸನ್ನು ಕತ್ತರಿಸಿ ಉದ್ದ ಮಾಡಿದ ಜೀಪು ಭಾರ ಹೊತ್ತು ಇಳಿಯುವಾಗ ಬೆಸುಗೆಯಲ್ಲೇ ಮುರಿಯಬಹುದು.

ಇದನ್ನು ಪತ್ತೆಹಚ್ಚಲು ಸುಲಭ ಉಪಾಯವಿದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆಯಿರಿ. ನೋಂದಣಿ ಪತ್ರದಲ್ಲಿ ವೀಲ್‌ಬೇಸ್ ಎಂದು ನಮೂದಿಸಿರುವ ಮಿಲಿಮೀಟರ್ ಅಂಕಿಗೆ ಇದು ಹೊಂದಬೇಕು. ಸಿಜೆ-3ಬಿಯಲ್ಲಿ ಇದು 80 ಅಂಗುಲ, ಅಂದರೆ 2032 ಮಿ.ಮೀ. ಎಡಬಲ ಎರಡೂ ಬದಿ ಒಂದೇ ಇರಬೇಕು. ಅಡಿಕೆ ಸಸಿಗೆ ಗುಂಡಿ ಗುರುತಿಸುವಾಗ ಚೌಕ ಸರಿಯಿದೆಯೇ ಎಂದು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯುತ್ತೇವಲ್ಲವೇ? ಚಾಸಿಸ್ಸಿಗೂ ಹಾಗೆಯೇ ಓರೆಯಾಗಿ ಎರಡು ಅಳತೆ ಹಿಡಿಯಿರಿ. ಎರಡರಲ್ಲೂ ಗಣನೀಯ ಅಂತರ ಬಂದರೆ ಅದು ಒಮ್ಮೆ ಉರುಳಿದ ಅಥವಾ ಗುದ್ದಿದ ವಾಹನ.

ಫೋರ್ ವೀಲ್ ಇದೆಯೇ?

ಗೇರಿನ ಬಳಿ ಲಿವರ್ ಇದ್ದ ಮಾತ್ರಕ್ಕೆ ಫೋರ್ ವೀಲ್ ಇದೆ ಎನ್ನಲಾಗದು. ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿ ಮಾರಿದ ಜೀಪುಗಳಿವೆ. ಕೆಳಗೆ ಬಾಗಿ ಮುಂದಿನ ಆಕ್ಸಲ್ಲಿನ ಗುಂಡು ಹೌಸಿಂಗ್ ಮತ್ತು ಶಾಫ್ಟ್ ಇವೆಯೇ ನೋಡಿ. ಬಳಿಕ ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನು ಆರಿಸಿ, ಗೇರಿನಲ್ಲಿ ಹಾಕಿ, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿರಿ. ಹಬ್ಬಿನಲ್ಲಿ ಲಾಕು ಇದ್ದರೆ ಅದನ್ನು ಹಾಕಿರಬೇಕು. ಲಿವರು ಟೂ ವೀಲ್‌ನಲ್ಲಿದ್ದಾಗ ಎತ್ತಿದ ಚಕ್ರ ಕೈಯಿಂದ ತಿರುಗಬೇಕು. ಫೋರ್ ವೀಲ್‌ಗೆ ಹಾಕಿದಾಗ ಹಿಡಿದು ನಿಲ್ಲಬೇಕು. ನಿಲ್ಲುವ ಮುನ್ನ ಎಷ್ಟು ಸಡಿಲ ತಿರುಗುತ್ತದೆಯೋ ಅಷ್ಟು ಸವೆತ. ಜಾಕಿನ ಮೇಲಿರುವ ವಾಹನದ ಅಡಿಗೆ ಎಂದಿಗೂ ಹೋಗಬಾರದು.

ಓಡಿಸಿ ನೋಡುವಾಗ ಫೋರ್ ವೀಲನ್ನು ಮಣ್ಣು ಅಥವಾ ಮರಳಿನ ಮೇಲೆ ಮಾತ್ರ ಹಾಕಿ. ಗಟ್ಟಿ ಡಾಮರು ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಗೇರುಗಳ ಮೇಲೆ ಒತ್ತಡ ಬಿದ್ದು ಹಾನಿಯಾಗುತ್ತದೆ. ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಗೇರ್ ಬಾಕ್ಸು ಬಿಚ್ಚಬೇಕಾಗುತ್ತದೆ. ಹಳ್ಳ ದಾಟುವ ಜೀಪಾದರೆ ಹೌಸಿಂಗಿನ ಎಣ್ಣೆಯ ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಜೀಪುಗಳ ದುಡಿಮೆಯನ್ನು ಎಲ್ಲರೂ ಬಲ್ಲರು. ಅಂಥ ಏರುದಾರಿಯಲ್ಲಿ ವರ್ಷಗಟ್ಟಲೆ ದುಡಿದ ವಾಹನವನ್ನು ಅದೇ ಕಾರಣಕ್ಕೆ ಬೇಡವೆನ್ನಬೇಕಾಗಿಲ್ಲ. ಆದರೆ ಅದರ ಪ್ಲೇಟು, ಕಿಂಗ್ ಪಿನ್, ಕ್ರೌನ್ ಮತ್ತು ಪಿನಿಯನ್‌ಗಳನ್ನು ನುರಿತ ಮೆಕ್ಯಾನಿಕ್‌ಗೆ ತೋರಿಸದೆ ಕೊಳ್ಳಬಾರದು.

ಬ್ರೇಕು ಮತ್ತು ಸ್ಟಿಯರಿಂಗು

ಹಳೆಯ ಜೀಪಿನಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಎಣ್ಣೆಯ ಮಾರ್ಗ ಒಂದೇ ಇರುವುದು ಸಾಮಾನ್ಯ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಸೋರಿಕೆ ಇದೆ. ಚಕ್ರಗಳ ಒಳಬದಿ ಒದ್ದೆಯಿದೆಯೇ ನೋಡಿ. ಹಲವು ಹಳೆಯ ಜೀಪುಗಳ ಕೈಬ್ರೇಕು ಚಕ್ರಕ್ಕಲ್ಲ, ಪ್ರೊಪೆಲ್ಲರ್ ಶಾಫ್ಟಿಗೆ ಇರುತ್ತದೆ. ಶಾಫ್ಟು ಕಳಚಿದರೆ ಅದೂ ಇಲ್ಲ. ಆದ್ದರಿಂದ ಗುಡ್ಡೆಯ ಮೇಲೆ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಕೊಡುವ ಹಿರಿಯರ ಪದ್ಧತಿಯನ್ನು ಬಿಡಕೂಡದು. ಸ್ಟಿಯರಿಂಗು ಸಡಿಲವಾಗಿ ಆಡಿದರೆ, ವೇಗದಲ್ಲಿ ಮುಂದಿನ ಚಕ್ರ ನಡುಗಿದರೆ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಕೊನೆಗೆ ಇಂಜಿನು

ನೀವು ಬರುವ ಮುನ್ನ ಇಂಜಿನು ಚಾಲೂ ಮಾಡಬಾರದೆಂದು ಮೊದಲೇ ತಿಳಿಸಿ. ಹೋದೊಡನೆ ಮುಟ್ಟಿ ನೋಡಿ. ಬಿಸಿಯಿದ್ದರೆ ಬೆಳಗ್ಗಿನ ತೊಂದರೆ ಮುಚ್ಚಿಟ್ಟಿದ್ದಾರೆಂದೇ ತಿಳಿಯಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ, ಅಂದರೆ ಬೋರ್ ಕೆಲಸ ಬಂದಿದೆ. ಕಪ್ಪು ಹೊಗೆ ಡೀಸೆಲ್ ಪಂಪು ಅಥವಾ ನಾಝಲ್‌ನ ದೋಷ. ಇಂಜಿನು ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಬಂದರೆ ನೀರು ಒಳಗೆ ಸೇರುತ್ತಿರಬಹುದು. ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ರಭಸವಾಗಿ ಹೊಮ್ಮಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಇವೆಲ್ಲ ದೋಷಗಳೇ ಆದರೂ ಹಣ ಕೊಟ್ಟರೆ ಸರಿಯಾಗುವ ದೋಷಗಳು. ಚೌಕಾಶಿಗೆ ಇವು ಉಪಯುಕ್ತ.

ಪೆಟ್ರೋಲ್ ಜೀಪು ಕೊಳ್ಳುವವರು ಇನ್ನೊಂದು ಅಂಶ ಗಮನಿಸಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರ್ ಕೊಳವೆ ಮತ್ತು ವಾಷರುಗಳು ಇದಕ್ಕೆ ಬಾಳುವುದಿಲ್ಲ, ಕೊಂಡೊಡನೆ ಬದಲಾಯಿಸಬೇಕು. ಎಥನಾಲ್ ನೀರನ್ನು ಹೀರುವುದರಿಂದ, ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟಿಡುವುದೂ ಸಲ್ಲದು.

ಬೆಲೆ, ವಿಮೆ ಮತ್ತು ಆಳುಗಳ ರಕ್ಷಣೆ

ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಕೊಡಬೇಡಿ. ನಾಲ್ಕರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷದ ದುರಸ್ತಿಗೆ ಎತ್ತಿಡಬೇಕು. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಚಾಸಿಸ್ ಸಂಖ್ಯೆ ನಮೂದಿಸಿದ ಕರಾರು ಪತ್ರ ಬರೆಸಿಕೊಳ್ಳಿ. ಉಳಿದ ಹಣ ಹಸ್ತಾಂತರದ ಕಾಗದಗಳು ಕೈಗೆ ಬಂದ ಮೇಲೆ.

ವಿಮೆಯ ವಿಷಯದಲ್ಲಿ ರೈತ ಬಾಂಧವರು ವಿಶೇಷ ಲಕ್ಷ್ಯ ಕೊಡಬೇಕು. ಕಾನೂನು ಕೇಳುವ ಕನಿಷ್ಠ ಥರ್ಡ್ ಪಾರ್ಟಿ ವಿಮೆಯಲ್ಲಿ, ಖಾಸಗಿ ಜೀಪಿನ ಒಳಗೆ ಕುಳಿತವರಿಗೆ ಸಾಮಾನ್ಯವಾಗಿ ರಕ್ಷಣೆ ಸೇರಿರುವುದಿಲ್ಲ. ಕೊನೆ ಕೊಯ್ಯುವವರನ್ನೋ ನಾಟಿಯ ಹೆಂಗಸರನ್ನೋ ಜೀಪಿನಲ್ಲಿ ಕೂರಿಸಿಕೊಂಡು ಗುಡ್ಡೆ ಇಳಿಯುವಾಗ ಅನಾಹುತವಾದರೆ ಪರಿಹಾರದ ಭಾರ ಮಾಲೀಕನ ಜಮೀನಿನ ಮೇಲೆಯೇ ಬಿದ್ದೀತು. ಕುಳಿತವರಿಗೂ ಕೂಲಿಯವರಿಗೂ ರಕ್ಷಣೆ ಸೇರಿಸಬೇಕೆಂದು ವಿಮಾ ಕಚೇರಿಯಲ್ಲಿ ಕೇಳಿ, ಪತ್ರದಲ್ಲಿ ಬರೆಸಿಕೊಳ್ಳಿ. ಗೊಬ್ಬರ ಅಥವಾ ಅಡಿಕೆಯ ಹೇರಿನ ಮೇಲೆ ಜನರನ್ನು ಕೂರಿಸಲೇಬಾರದು. ಬಿಳಿ ಫಲಕದ ಖಾಸಗಿ ಜೀಪನ್ನು ಬಾಡಿಗೆಗೆ ಓಡಿಸುವುದೂ ಕಾನೂನಿಗೆ ವಿರುದ್ಧ.

ನೆನಪಿನಲ್ಲಿಡಬೇಕಾದ ಮುಖ್ಯಾಂಶಗಳು

1) ಕೆಲಸ ನೋಡಿ ವಾಹನ; ವಾಹನ ನೋಡಿ ಕೆಲಸವಲ್ಲ.
2) ಕಾಗದ ಮೊದಲು, ಚಾಸಿಸ್ ಬಳಿಕ, ಇಂಜಿನು ಕೊನೆಗೆ.
3) ಚಾಸಿಸ್ ಸಂಖ್ಯೆಯನ್ನು ಕಬ್ಬಿಣದ ಮೇಲೆ ಸ್ವತಃ ಓದಿ, ಅಚ್ಚು ತೆಗೆಯಿರಿ.
4) ಸುತ್ತಿಗೆ ಮತ್ತು ಅಳತೆ ಪಟ್ಟಿ ಇಲ್ಲದೆ ಜೀಪು ನೋಡಲು ಹೋಗಬೇಡಿ.
5) ಒಬ್ಬರೇ ಹೋಗಬೇಡಿ, ಮೆಕ್ಯಾನಿಕ್‌ನ ಒಂದು ದಿನದ ಕೂಲಿ ವ್ಯರ್ಥವಲ್ಲ.
6) ಒಳಗೆ ಕೂರುವವರ ವಿಮೆ ಮರೆಯಬೇಡಿ.

ಬೆಳೆಗಾರರು ಈಗ ನನ್ನನ್ನು ಜೀಪು ನೋಡಲು ಕರೆದರೆ ನಾನು ಮೊದಲು ಕೇಳುವುದು ನೋಂದಣಿ ಪುಸ್ತಕವನ್ನು. ಮಾರುವವರು "ಮೊದಲು ಒಂದು ಸುತ್ತು ಹೊಡೆಯಿರಿ, ಕಾಗದ ಆಮೇಲೆ ನೋಡುವ" ಎಂದರೆ, ಜೀಪಿನ ಸುತ್ತು ಬಿಟ್ಟು ಮನೆಯ ದಾರಿ ಹಿಡಿಯುವುದೇ ಒಳಿತು.